ಅಟ್ಟದಿಂದ ಇಳಿದ ಹಡಗುಗಳು: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮರದ ಹಡಗು ಮಾದರಿಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಸ ಕಿಟ್ ಕೊಳ್ಳುವವರದ್ದಲ್ಲ. ಹರೆಯದಲ್ಲಿ ಶುರುಮಾಡಿ, ನೌಕರಿ, ಸಂಸಾರ, ವರ್ಗಾವಣೆಗಳ ನಡುವೆ ಅಟ್ಟಕ್ಕೇರಿಸಿದ ಪೆಟ್ಟಿಗೆಯನ್ನು ಈಗ ಕೆಳಗಿಳಿಸಿದವರದ್ದು. ಹಾಗಾಗಿ ಈ ಸಲದ ಉತ್ತರಗಳು ಹಳೆಯ ಕೆಲಸವನ್ನು ಉಳಿಸಿಕೊಂಡು ಮುಂದೆ ಹೋಗುವುದರ ಸುತ್ತಲೇ ಇವೆ.

ಪ್ರ: 1979ರಲ್ಲಿ ಅಣ್ಣ ವಿದೇಶದಿಂದ ತಂದುಕೊಟ್ಟ ಬಿಲ್ಲಿಂಗ್ ಬೋಟ್ಸ್ ಕಂಪನಿಯ, ‘ವಾಸಾ’ ಎಂಬ ಹಳೆಯ ಯುದ್ಧನೌಕೆಯ ಕಿಟ್ ಅರ್ಧಕ್ಕೆ ನಿಂತಿದೆ. ಕೀಲ್ (ತಳದ ಬೆನ್ನುಮರ) ಮತ್ತು ಅಡ್ಡಚೌಕಟ್ಟುಗಳು ನಿಂತಿವೆ, ಎರಡೂ ಬದಿಗೆ ಐದಾರು ಹಲಗೆ ಕೂತಿವೆ. ಉಳಿದ ಪಟ್ಟಿಗಳು ಬಗ್ಗಿಸಿದರೆ ಪಟ್ಟನೆ ಮುರಿಯುತ್ತವೆ. ರಾಟೆ, ತೋಪು, ಲಂಗರುಗಳ ಪೊಟ್ಟಣವೇ ಇಲ್ಲ. ಮುಂದುವರಿಸಬಹುದೇ, ಹೊಸ ಕಿಟ್ ತರಿಸಿ ಮೊದಲಿಂದ ಕಟ್ಟಬೇಕೇ? (ಧಾರವಾಡ)

ಉ: ಮುಂದುವರಿಸಿ. ಆ ಚೌಕಟ್ಟುಗಳನ್ನು ನೀವೇ ಗರಗಸ ಹಿಡಿದು ಕತ್ತರಿಸಿರಬೇಕು. ಆ ಕಾಲದ ಆ ಕಂಪನಿಯ ಕಿಟ್‌ಗಳಲ್ಲಿ ಪ್ಲೈವುಡ್ ಮೇಲೆ ಭಾಗಗಳ ಗೆರೆ ಮಾತ್ರ ಅಚ್ಚಾಗಿರುತ್ತಿತ್ತು, ಕತ್ತರಿಸುವ ಕೆಲಸ ಕೊಂಡವರದ್ದು. ಭಾಗಗಳನ್ನು ಲೇಸರ್‌ನಲ್ಲೇ ಕತ್ತರಿಸಿ ಕೊಡುವ ಇಂದಿನ ಕಿಟ್‌ನಲ್ಲಿ ಆ ಕೈಕೆಲಸ ಸಿಗುವುದಿಲ್ಲ. ಪೊಟ್ಟಣ ಕಳೆದುಹೋಯಿತೆಂದು ಮನೆಯೆಲ್ಲ ಹುಡುಕುವುದೂ ಬೇಡ. ಆಗ ಮರದ ಕಿಟ್ ಬೇರೆ, ಬಿಡಿಭಾಗಗಳ ಪೆಟ್ಟಿಗೆ ಬೇರೆಯಾಗಿ ಮಾರಾಟವಾಗುತ್ತಿದ್ದವು. ನಿಮ್ಮ ಅಣ್ಣ ಮೊದಲನೆಯದನ್ನಷ್ಟೇ ಕೊಂಡಿದ್ದಿರಬಹುದು. ಅಳತೆ ತಿಳಿದರೆ ರಾಟೆ, ಡೆಡ್‌ಐ (ಹುರಿ ಬಿಗಿಯಲು ಬಳಸುವ, ತೂತುಗಳಿರುವ ಗುಂಡನೆಯ ಮರದ ತುಂಡು), ತೋಪುಗಳನ್ನು ಯಾವ ಕಂಪನಿಯದ್ದಾದರೂ ಬಿಡಿಯಾಗಿ ತರಿಸಿಕೊಳ್ಳಬಹುದು. ನಕ್ಷೆಯಲ್ಲಿ ಅವೆಲ್ಲ ಅದೇ ಪ್ರಮಾಣದಲ್ಲಿ ಬರೆದಿರುತ್ತವೆ, ವರ್ನಿಯರ್ ಹಿಡಿದು ಅಳೆದರೆ ಸಾಕು.

ಆದರೆ ಹೊಸ ಹಲಗೆ ಮುಟ್ಟುವ ಮೊದಲು ಹಳೆಯದರ ತಪಾಸಣೆ ಆಗಬೇಕು. ಮೊದಲು ಹುಳ. ಸೂಜಿಮೊನೆಯಷ್ಟು ತೂತು, ಅದರ ಕೆಳಗೆ ಹಿಟ್ಟಿನಂಥ ತಾಜಾ ಪುಡಿ ಕಂಡರೆ ಒಳಗೆ ಕೀಟ ಜೀವಂತವಾಗಿದೆ. ಇಡೀ ಮಾದರಿಯನ್ನೂ ಪಟ್ಟಿಗಳನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣಗಿನ ಮರದ ಮೇಲೆ ಗಾಳಿಯ ತೇವ ನೀರಾಗಿ ಕೂತು ಪ್ಲೈವುಡ್ ಪದರ ಬಿಡುತ್ತದೆ.

ಎರಡನೆಯದು ಕೀಲ್. ಮಾದರಿಯನ್ನು ಬುಡಮೇಲು ಹಿಡಿದು ಒಂದು ತುದಿಯಿಂದ ಒಂದೇ ಕಣ್ಣಲ್ಲಿ ನೋಡಿ, ಪಕ್ಕದಲ್ಲಿ ಎಳೆದು ಕಟ್ಟಿದ ದಾರ ಇಟ್ಟು ಹೋಲಿಸಿ. 1–2 ಮಿ.ಮೀ. ಸೊಟ್ಟವಿದ್ದರೆ ಹಲಗೆ ಹಾಕುವಾಗಲೇ ತಿದ್ದಬಹುದು: ಚೌಕಟ್ಟುಗಳ ನಡುವೆ ಕೀಲ್‌ನ ಎರಡೂ ಬದಿಗೆ ಮರದ ತುಂಡುಗಳನ್ನು ಬಿಗಿಯಾಗಿ ಅಂಟಿಸಿದರೆ ಅದು ನೆಟ್ಟಗೆ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ತಿರುಚಿದ್ದರೆ ಹಲಗೆ ಬಿಚ್ಚಬೇಕು. ಬಿಳಿ ಮರದಂಟಿನ ಸಂದುಗಳಿಗೆ ಐಸೊಪ್ರೊಪೈಲ್ ಆಲ್ಕೋಹಾಲನ್ನು ಕುಂಚದಿಂದ ಹಚ್ಚುತ್ತಾ ಹೋದರೆ ಕೆಲವು ನಿಮಿಷಗಳಲ್ಲಿ ಅಂಟು ರಬ್ಬರಿನಂತಾಗುತ್ತದೆ, ತೆಳು ಬ್ಲೇಡ್ ತೂರಿಸಿ ಬಿಡಿಸಬಹುದು. ತಕ್ಷಣ ಹಿಡಿಯುವ ಅಂಟಾದರೆ ಅಸಿಟೋನ್ ಬೇಕು. ಅದನ್ನು ಪ್ಲಾಸ್ಟಿಕ್ ಭಾಗಗಳಿಗೆ ಸೋಕಿಸಬೇಡಿ, ಕರಗಿಸಿಬಿಡುತ್ತದೆ.

ಪಟ್ಟಿ ಮುರಿಯುವುದಕ್ಕೆ ಮುಖ್ಯ ಕಾರಣ ಅಟ್ಟದ ಸೆಕೆಯಲ್ಲಿ ಅದು ಒಣಗಿರುವುದು. 1.5 ಮಿ.ಮೀ. ದಪ್ಪದ್ದನ್ನು ಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ಮುಳುಗಿಸಿ ಒಂದನ್ನು ಬಗ್ಗಿಸಿ ನೋಡಿ. ಎಳೆ ಉದ್ದಕ್ಕೂ ಓಡುವ ಪಟ್ಟಿಗಳು ಮತ್ತೆ ಬಾಗುತ್ತವೆ. ಎಳೆ ಓರೆಯಾಗಿ ಅಂಚಿನಿಂದ ಹೊರಹೋಗುವ ಪಟ್ಟಿ ಹೊಸದಿದ್ದಾಗಲೂ ಮುರಿಯುವಂಥದ್ದೇ. ಅವನ್ನು ನಡುಭಾಗದ ನೇರ ಜಾಗಕ್ಕೆ ಎತ್ತಿಡಿ.

ನಕ್ಷೆಯನ್ನು ಮಡಿಕೆಗಳು ಹರಿಯುವ ಮೊದಲೇ ಸ್ಕ್ಯಾನ್ ಮಾಡಿಸಿ. ಕಾಗದ ಕುಗ್ಗಿರುತ್ತದೆ, ಎರಡು ದಿಕ್ಕಿಗೂ ಒಂದೇ ಸಮ ಕುಗ್ಗಿರುವುದಿಲ್ಲ. ನೀವು ಆಗ ಕತ್ತರಿಸಿದ ಚೌಕಟ್ಟನ್ನೇ ನಕ್ಷೆಯ ಮೇಲಿಟ್ಟು ವ್ಯತ್ಯಾಸ ತಿಳಿದುಕೊಂಡು, ಮುದ್ರಿಸುವಾಗ ಸರಿಪಡಿಸಿ. ಹುರಿಗಳನ್ನು ಮಾತ್ರ ಪೂರ್ತಿ ಬಿಸಾಡಿ.

ಪ್ರ: ಅದೇ ‘ವಾಸಾ’. ಸೂಚನೆಯ ಹಾಳೆಯಲ್ಲಿ ಹಿಂಭಾಗದ ಶಿಲ್ಪಗಳ ಹಿನ್ನೆಲೆಗೆ ನೀಲಿ ಎಂದಿದೆ. ಈಗಿನ ಮಾದರಿಗಳೆಲ್ಲ ಕೆಂಪು. ಯಾವುದು ಸರಿ? (ಹುಬ್ಬಳ್ಳಿ)

ಉ: ಕೆಂಪು. 1628ರಲ್ಲಿ ಸ್ಟಾಕ್‌ಹೋಮ್ ಬಂದರಿನಲ್ಲಿ ಮೊದಲ ಯಾನದಲ್ಲೇ ಮುಳುಗಿದ ಆ ಹಡಗನ್ನು 1961ರಲ್ಲಿ ಮೇಲೆತ್ತಿದಾಗ ಶಿಲ್ಪಗಳ ಮೇಲೆ ಬಣ್ಣ ಹೆಚ್ಚೇನೂ ಕಾಣುತ್ತಿರಲಿಲ್ಲ. ನೀಲಿ ಮತ್ತು ಚಿನ್ನ ಎಂಬುದು ಆಗಿನ ಊಹೆ. ಮರದಲ್ಲಿ ಉಳಿದಿದ್ದ ವರ್ಣಕಣಗಳನ್ನು ಪರೀಕ್ಷಿಸಿದ ಮೇಲೆ ಹಿನ್ನೆಲೆ ಕೆಂಪೆಂದೂ, ಶಿಲ್ಪಗಳು ಬಹುಬಣ್ಣದವೆಂದೂ ತಿಳಿಯಿತು. ನೀವಿನ್ನೂ ಬಣ್ಣ ಹಚ್ಚಿಲ್ಲವಾದರೆ ಕೆಂಪು ಹಚ್ಚಿ. ಆಗಲೇ ನೀಲಿ ಬಳಿದಿದ್ದರೆ ದಯವಿಟ್ಟು ಕೆರೆಯಬೇಡಿ. ಆ ನೀಲಿ ಒಂದು ಕಾಲದ ತಿಳಿವಳಿಕೆಯ ದಾಖಲೆ, ಅದಕ್ಕೂ ಬೆಲೆಯಿದೆ.

ಪ್ರ: ಹಡಗಿನ ಮೂತಿಯ ಬಳಿ ಹಲಗೆಗಳು ಒಂದರ ಮೇಲೊಂದು ಏರುತ್ತವೆ, ಹಿಂಬದಿಯಲ್ಲಿ ಸಂದು ಬಿಡುತ್ತದೆ. ಎಷ್ಟು ಕಿಟ್ ಕಟ್ಟಿದರೂ ಇದೇ ಗೋಳು. ಉಜ್ಜಿ, ಪುಟ್ಟಿ ತುಂಬಿ ಸಾಕಾಗಿದೆ. (ಬೆಳಗಾವಿ)

ಉ: ಪಟ್ಟಿಯನ್ನು ಪೆಟ್ಟಿಗೆಯಿಂದ ತೆಗೆದು ಇದ್ದ ಅಗಲದಲ್ಲೇ ಅಂಟಿಸುತ್ತಿದ್ದೀರಿ. ಹಡಗಿನ ಹೊಟ್ಟೆಯ ಸುತ್ತಳತೆ ನಡುವಿನಲ್ಲಿ ಒಂದು, ಮೂತಿಯಲ್ಲಿ ಇನ್ನೊಂದು. ಅಷ್ಟೇ ಸಂಖ್ಯೆಯ ಹಲಗೆಗಳು ಎರಡೂ ಕಡೆ ಹಿಡಿಸಬೇಕೆಂದರೆ ಪ್ರತಿಯೊಂದೂ ಮೂತಿಯ ಕಡೆ ಕಿರಿದಾಗಲೇಬೇಕು.

ಲೆಕ್ಕ ಹೀಗೆ. ನಡುವಿನ ಚೌಕಟ್ಟಿನ ಅಂಚಿನಲ್ಲಿ, ಮೇಲಿನ ದಪ್ಪ ಪಟ್ಟಿಯಿಂದ ಕೀಲ್‌ವರೆಗೆ ಕಾಗದದ ಪಟ್ಟಿ ಒತ್ತಿ ಅಳೆಯಿರಿ. 110 ಮಿ.ಮೀ. ಬಂತೆನ್ನಿ. 5 ಮಿ.ಮೀ. ಹಲಗೆಯಾದರೆ 22 ಬೇಕು. ಈಗ ಮೂತಿಯ ಕಡೆಯ ಚೌಕಟ್ಟನ್ನು ಅಳೆಯಿರಿ. ಅಲ್ಲಿ 70 ಇದ್ದರೆ 22ರಿಂದ ಭಾಗಿಸಿ: ಪ್ರತಿ ಹಲಗೆ ಅಲ್ಲಿ 3.2 ಮಿ.ಮೀ. ಇರಬೇಕು. ಪ್ರತಿ ಚೌಕಟ್ಟಿನಲ್ಲೂ ಇದೇ ಲೆಕ್ಕ ಮಾಡಿ ಪೆನ್ಸಿಲ್ ಗುರುತು ಹಾಕಿ, ಹಲಗೆಯ ಮೇಲೆ ಆ ಅಗಲಗಳನ್ನು ಇಳಿಸಿ, ಉಕ್ಕಿನ ಅಳತೆಪಟ್ಟಿ ಇಟ್ಟು ಕತ್ತರಿಸಿ, ಸಣ್ಣ ಕೀಸುಳಿಯಿಂದ ಅಂಚು ಸರಿಮಾಡಿ. ಎಡ ಬಲ ಎರಡೂ ಬದಿಯ ಹಲಗೆಗಳನ್ನು ಜೊತೆಗೆ ಹಿಡಿದು ಒಟ್ಟಿಗೇ ಕೀಸಿದರೆ ಒಂದೇ ಆಕಾರ ಬರುತ್ತದೆ. 22 ಹಲಗೆಗಳಿಗೆ ಒಂದೇ ಸಲ ಗುರುತು ಹಾಕಿದರೆ ಸಣ್ಣ ತಪ್ಪುಗಳು ಕೂಡುತ್ತಾ ಹೋಗುತ್ತವೆ. ದಾರ ಅಂಟಿಸಿ 7, 7, 8ರ ಮೂರು ಪಟ್ಟೆಗಳಾಗಿ ವಿಂಗಡಿಸಿ, ಒಂದು ಪಟ್ಟೆ ಮುಗಿದಾಗ ಮುಂದಿನದನ್ನು ಮತ್ತೆ ಅಳೆಯಿರಿ.

ಹಲಗೆಯನ್ನು ಅದರ ಅರ್ಧ ಅಗಲಕ್ಕಿಂತ ಕಿರಿದು ಮಾಡಬೇಡಿ. ಮೊನೆಯಾದ ತುದಿ ಅಂಟಿಗೂ ನಿಲ್ಲದು, ನೋಟಕ್ಕೂ ಸುಳ್ಳು. ಲೆಕ್ಕ 2.5ಕ್ಕಿಂತ ಕೆಳಗೆ ಬಂದರೆ ಎರಡು ಹಲಗೆಗಳನ್ನು ಮೂತಿಯ ಹತ್ತಿರ ಒಂದರಲ್ಲಿ ಮುಗಿಸಬೇಕು. ಹಿಂಬದಿಯಲ್ಲಿ ಇದಕ್ಕೆ ವಿರುದ್ಧ. ಅಲ್ಲಿ 125 ಮಿ.ಮೀ. ಇದ್ದರೆ 22 ಹಲಗೆಗಳು 110ನ್ನಷ್ಟೇ ಮುಚ್ಚುತ್ತವೆ, ಮಿಕ್ಕ 15 ಮಿ.ಮೀ. ಸಂದಾಗಿ ಕಾಣುತ್ತದೆ. ಹಲಗೆಗಳನ್ನು ಅವುಗಳ ಪಾಡಿಗೆ ಹರಿಯಲು ಬಿಟ್ಟು, ಆ ಜಾಗಕ್ಕೆ ಬೆಣೆಯಾಕಾರದ ಮೂರು ತುಂಡು ಸೇರಿಸಿ. ನಿಜವಾದ ಹಡಗು ಕಟ್ಟುವವರೂ ಹಾಗೆಯೇ ಮಾಡುತ್ತಿದ್ದರು. ಎಳೆದು ಬಗ್ಗಿಸಿ ಸಂದು ಮುಚ್ಚಲು ಹೋದಾಗಲೇ ಹಲಗೆಯ ಒಂದು ಅಂಚು ಎದ್ದು ಮೆಟ್ಟಿಲು ಮೆಟ್ಟಿಲಾಗುವುದು.

ಇದಕ್ಕೂ ಮುಂಚಿನ ತಪ್ಪೊಂದಿರಬಹುದು. ಚೌಕಟ್ಟುಗಳ ಅಂಚನ್ನು ಓರೆಯಾಗಿ ಉಜ್ಜಿದ್ದೀರಾ? ಉದ್ದನೆಯ ಪಟ್ಟಿಯೊಂದನ್ನು ಕನಿಷ್ಠ ಮೂರು ಚೌಕಟ್ಟುಗಳ ಮೇಲೆ ಒರಗಿಸಿ ಹಿಡಿದಾಗ ಅದು ಪ್ರತಿ ಅಂಚಿನ ಪೂರ್ತಿ ದಪ್ಪಕ್ಕೂ ತಾಗಬೇಕು, ಚೂಪು ಮೂಲೆಗಷ್ಟೇ ಅಲ್ಲ. ಮುಂಭಾಗದ ಚೌಕಟ್ಟುಗಳಲ್ಲಿ ಮೂತಿಯ ಕಡೆಯ ಅಂಚು ಇಳಿಯಬೇಕು, ಹಿಂಭಾಗದವುಗಳಲ್ಲಿ ಹಿಂದಿನ ಅಂಚು. ಅಂಚಿಗೆಲ್ಲ ಪೆನ್ಸಿಲ್ ಬಳಿದು, ಮರದ ತುಂಡಿಗೆ ಸುತ್ತಿದ 120ರ ಉಪ್ಪುಕಾಗದದಿಂದ ಉಜ್ಜುತ್ತಾ, ಇಳಿಯಬಾರದ ಕಡೆ ಒಂದು ತೆಳು ಕಪ್ಪು ಗೆರೆ ಉಳಿದಾಗ ನಿಲ್ಲಿಸಿ. ಈ ಕೆಲಸಕ್ಕೆ ಎರಡು ಸಂಜೆ ಹೆಚ್ಚು ಹೋದರೂ ಹೋಗಲಿ. ಹಲಗೆಯ ಮುಕ್ಕಾಲು ತೊಂದರೆಗಳು ಇಲ್ಲೇ ತೀರುತ್ತವೆ.

ನೆನೆಸಿದ ಹಲಗೆಯನ್ನು ಒದ್ದೆಯಲ್ಲೇ ಅಂಟಿಸಬೇಡಿ. ನೀರು ಕುಡಿದ ಮರ ಅಡ್ಡಕ್ಕೆ ಉಬ್ಬಿರುತ್ತದೆ. ಒಣಗಿದ ಮೇಲೆ ಕುಗ್ಗಿ ಹಲಗೆ ಹಲಗೆಯ ನಡುವೆ ಕೂದಲೆಳೆಯ ಬಿರುಕು ಬಿಡುತ್ತದೆ. ಬಗ್ಗಿಸಿ, ಜಾಗದಲ್ಲಿ ಕ್ಲಿಪ್ ಹಾಕಿ, ರಾತ್ರಿ ಒಣಗಲು ಬಿಟ್ಟು, ಬೆಳಿಗ್ಗೆ ಅಂಟಿಸಿ. ಎಡಕ್ಕೊಂದು ಹಾಕಿದರೆ ಬಲಕ್ಕೊಂದು ಹಾಕಿಯೇ ಮುಂದೆ ಹೋಗಿ. ಒಂದೇ ಬದಿ ಮುಗಿಸಿದರೆ ಕೀಲ್ ಬಾಳೆಕಾಯಿಯಂತೆ ಬಾಗುತ್ತದೆ, ಆಮೇಲೆ ಅದನ್ನು ನೆಟ್ಟಗೆ ಮಾಡಲು ಆಗದು.

ಪ್ರ: ಯಾವ ಅಂಟು? (ತುಮಕೂರು)

ಉ: ಮರಕ್ಕೆ ಮರ ಎಂದರೆ ಬಿಳಿ ಪಿವಿಎ, ನಮ್ಮಲ್ಲಿ ಎಲ್ಲರೂ ಫೆವಿಕಾಲ್ ಎನ್ನುವಂಥದ್ದು. ಲೋಹಕ್ಕೆ ಎಪಾಕ್ಸಿ. ಫೆವಿಕ್ವಿಕ್‌ನಂಥ ಕ್ಷಣದಲ್ಲಿ ಹಿಡಿಯುವ ಅಂಟನ್ನು ಹುರಿಯ ತುದಿ ಗಟ್ಟಿಮಾಡಲು, ಪಿವಿಎ ಒಣಗುವತನಕ ಹಲಗೆಯನ್ನು ಅಲ್ಲಲ್ಲಿ ಒಂದು ಹನಿಯಿಂದ ಹಿಡಿದಿಡಲು ಮಾತ್ರ ಇಟ್ಟುಕೊಳ್ಳಿ. ಹೊರಮೈಗೆ ಸೋರಿದ ಯಾವ ಅಂಟೂ ಮರದ ರಂಧ್ರ ಮುಚ್ಚಿ, ವಾರ್ನಿಷ್ ಹಚ್ಚಿದಾಗ ಆ ಜಾಗ ಪೇಲವವಾಗಿ ಕಾಣುತ್ತದೆ. ಪಿವಿಎಯನ್ನು ಒದ್ದೆ ಬಟ್ಟೆಯಿಂದ ಆಗಲೇ ಒರೆಸಿಬಿಡಬಹುದು, ಕ್ಷಣದಲ್ಲಿ ಹಿಡಿಯುವ ಅಂಟನ್ನು ಉಜ್ಜಿಯೇ ತೆಗೆಯಬೇಕು.

ಪ್ರ: ಫೆಬ್ರವರಿಯಲ್ಲಿ ಬಿಗಿಯಾಗಿ ಕಟ್ಟಿದ ಹುರಿಗಳು ಮಳೆಗಾಲದಲ್ಲಿ ಕೂವೆಮರದ (ಹಾಯಿ ಹೊರುವ ನೆಟ್ಟನೆಯ ಕಂಬ) ತುದಿಯನ್ನೇ ಬಗ್ಗಿಸಿವೆ. ಇನ್ನೊಂದು ಹಡಗಿನದ್ದು ಮಳೆಗಾಲದಲ್ಲಿ ಕಟ್ಟಿದ್ದು, ಬೇಸಿಗೆಯಲ್ಲಿ ಜೋತುಬಿದ್ದಿತು. ಏಣಿಯಂಥ ಅಡ್ಡಹುರಿ ಕಟ್ಟಿದಾಗ ಎರಡೂ ಅಂಚು ಒಳಕ್ಕೆ ಸೊರಗುತ್ತವೆ. (ಕುಮಟಾ)

ಉ: ಹತ್ತಿ ಮತ್ತು ಲಿನನ್ ಹುರಿಗಳು ತೇವದಲ್ಲಿ ದಪ್ಪವಾಗಿ ಉದ್ದದಲ್ಲಿ ಕುಗ್ಗುತ್ತವೆ, ಒಣಗಿದಾಗ ಸಡಿಲವಾಗುತ್ತವೆ. ಹೊಸೆದ ಎಳೆಗಳು ಉಬ್ಬಿದಾಗ ಹೊಸೆತ ಬಿಗಿಯುವುದೇ ಇದಕ್ಕೆ ಕಾರಣ. ಕರಾವಳಿಯಲ್ಲಿ ಪಾಲಿಯೆಸ್ಟರ್ ಹುರಿಯೇ ಸರಿ. ನೈಲಾನ್ ಬೇಡ, ಅದು ಎಳೆತಕ್ಕೆ ಸಿಕ್ಕು ವರ್ಷವರ್ಷವೂ ಉದ್ದವಾಗುತ್ತದೆ. ಕಿಟ್‌ನಲ್ಲಿ ಬಂದ ಹತ್ತಿಯನ್ನೇ ಬಳಸುವ ಆಸೆಯಿದ್ದರೆ ಜೇನುಮೇಣದ ಉಂಡೆಯ ಮೇಲೆ ಎಳೆದು, ಬೆರಳುಗಳ ನಡುವೆ ಬಿಸಿಯಾಗುವಷ್ಟು ತೀಡಿ. ನವಿರೆಳೆ ಕೂರುತ್ತದೆ, ತೇವ ನಿಧಾನವಾಗಿ ಒಳಸೇರುತ್ತದೆ. ನಿಮ್ಮ ಕಡೆ ನವೆಂಬರ್‌ನಿಂದ ಜನವರಿಯೊಳಗೆ, ಅಲುಗಾಡದಷ್ಟು ಮಾತ್ರ ಬಿಗಿದು ಕಟ್ಟಿ. ತುದಿಗಂಟಿಗೆ ಕ್ಷಣದಂಟಿನ ಬದಲು ನೀರು ಬೆರೆಸಿದ ಪಿವಿಎ ಹಚ್ಚಿ. ಮುಂದೆ ಒಂದು ಹನಿ ನೀರಿಟ್ಟರೆ ಗಂಟು ಮೆತ್ತಗಾಗಿ ಮತ್ತೆ ಸರಿಮಾಡಬಹುದು.

ಕೂವೆಮರವನ್ನು ಅಕ್ಕಪಕ್ಕದಿಂದ ಹಿಡಿಯುವ ಶ್ರೌಡ್‌ಗಳನ್ನು ಜೋಡಿಯಾಗಿ ಹಾಕಿ: ಬಲಬದಿಯ ಮುಂದಿನ ಜೋಡಿ, ಆಮೇಲೆ ಎಡಬದಿಯದ್ದು, ಮತ್ತೆ ಬಲ. ಒಂದು ಬದಿಯನ್ನೇ ಮುಗಿಸಿದರೆ ಕೂವೆ ಆ ಕಡೆಗೆ ವಾಲಿ ನಿಲ್ಲುತ್ತದೆ. ಡೆಡ್‌ಐಗಳು ಒಂದೇ ಎತ್ತರದಲ್ಲಿ ಸಾಲಾಗಿ ನಿಲ್ಲಲು, ತಂತಿಯ ಎರಡು ತುದಿಗಳನ್ನು ಬೇಕಾದ ಅಂತರಕ್ಕೆ ಲಂಬವಾಗಿ ಮಡಿಸಿ, ಕೆಳಗಿನದರ ತೂತಿಗೆ ಒಂದು, ಮೇಲಿನದರ ತೂತಿಗೆ ಒಂದು ತೂರಿಸಿಟ್ಟು ಶ್ರೌಡ್ ಸುತ್ತಿ.

ಅಡ್ಡಹುರಿಯ ಅಂತರ ನಿಜವಾದ ಹಡಗಿನಲ್ಲಿ ಸುಮಾರು 13 ಇಂಚು, ಅಂದರೆ ನಿಜದ 64ರಲ್ಲಿ ಒಂದು ಪಾಲಿನ ಮಾದರಿಯಲ್ಲಿ (1:64ರಲ್ಲಿ) 5 ಮಿ.ಮೀ. ಚಿಲ್ಲರೆ. ಬಿಳಿ ಕಾರ್ಡಿನ ಮೇಲೆ ಆ ಅಂತರದಲ್ಲಿ ಗೆರೆ ಎಳೆದು, ಶ್ರೌಡ್‌ಗಳ ನೇರ ಓಟವನ್ನೂ ಬರೆದು, ಹಿಂದೆ ಸಿಕ್ಕಿಸಿಕೊಳ್ಳಿ. ಕೆಳಗಿನಿಂದ ಸಾಲಾಗಿ ಕಟ್ಟುತ್ತಾ ಹೋದರೆ ಪ್ರತಿ ಸಾಲಿನ ಅಲ್ಪ ಎಳೆತವೂ ಸೇರಿ ಅಂಚು ಸೊರಗುತ್ತದೆ. ಮೊದಲು ಪ್ರತಿ ಐದನೆಯ ಸಾಲನ್ನಷ್ಟೇ ಕಟ್ಟಿ ಆಕಾರ ನಿಲ್ಲಿಸಿ, ನಡುವಿನವನ್ನು ಆಮೇಲೆ ತುಂಬಿ. ಒಳಗಿನ ಶ್ರೌಡ್‌ಗಳಿಗೆ ಕ್ಲೋವ್ ಹಿಚ್ ಗಂಟು. ಹೊರಗಿನ ಎರಡಕ್ಕೆ ಹುರಿಯನ್ನು ಸುತ್ತಿ ಬಿಗಿಯದೆ ಗಂಟು ಹಾಕಿ, ಅಂಟಿನ ಚುಕ್ಕೆ ಇಡಿ. ಗಂಟುಗಳ ನಡುವೆ ಹುರಿ ಕೂದಲೆಳೆಯಷ್ಟು ಜೋತಿರಲಿ. ತೂಕ ಹೊತ್ತ ಹುರಿ ನಿಜದಲ್ಲೂ ಹಾಗೆಯೇ ಕಾಣುವುದು.

ದಪ್ಪದ ಬಗ್ಗೆ ಒಂದು ಮಾತು, ಇಲ್ಲಿ ಬಹಳ ಜನ ಎಡವುತ್ತಾರೆ. ಹಳೆಯ ದಾಖಲೆಗಳಲ್ಲಿ ಹಗ್ಗದ ಅಳತೆ ಎಂದರೆ ಸುತ್ತಳತೆ, ವ್ಯಾಸವಲ್ಲ. 12 ಇಂಚಿನ ಹಗ್ಗ ಎಂದಿದ್ದರೆ 3.14ರಿಂದ ಭಾಗಿಸಿ: ವ್ಯಾಸ 3.8 ಇಂಚು, ಸುಮಾರು 97 ಮಿ.ಮೀ., 1:64ರಲ್ಲಿ 1.5 ಮಿ.ಮೀ. ಈ ಭಾಗಾಕಾರ ಬಿಟ್ಟರೆ ಹಡಗಿಗೆ ಮೂರು ಪಟ್ಟು ದಪ್ಪ ಹಗ್ಗ ಬೀಳುತ್ತದೆ. ಕೂವೆ ಹಿಡಿಯುವ ಕದಲದ ಹುರಿಗಳು ಟಾರು ಬಳಿದ ಗಾಢ ಕಂದು ಅಥವಾ ಕಪ್ಪು, ಹಾಯಿ ಎಳೆಯುವವು ತಿಳಿ ಕಂದು.

ಪ್ರ: ವಯಸ್ಸು ಎಪ್ಪತ್ತನಾಲ್ಕು. ಕಣ್ಣು ಮಂದ, ಕೈ ಸ್ವಲ್ಪ ನಡುಗುತ್ತದೆ. ಐವತ್ತು ವರ್ಷದ ಹವ್ಯಾಸ ಬಿಡಲು ಮನಸ್ಸಿಲ್ಲ. (ಮೈಸೂರು)

ಉ: ಬಿಡುವುದೇಕೆ? ನಡುಕ ಹೊಸದಾಗಿ ಬಂದದ್ದಾದರೆ ಮೊದಲು ವೈದ್ಯರಿಗೆ ತೋರಿಸಿ. ಆಮೇಲೆ ಮಾದರಿಯ ಪ್ರಮಾಣ ಬದಲಿಸಿ. 32 ಸೆಂ.ಮೀ. ಉದ್ದದ ನಿಜವಾದ ರಾಟೆ 1:64ರಲ್ಲಿ 5 ಮಿ.ಮೀ., 1:48ರಲ್ಲಿ ಸುಮಾರು 7, 1:24ರಲ್ಲಿ 13. ಮೂರು ಕೂವೆಯ ಯುದ್ಧನೌಕೆಯ ಬದಲು ಒಂಟಿ ಕೂವೆಯ ಮೀನುಗಾರಿಕೆ ದೋಣಿಯನ್ನೋ, ಹಡಗಿನ ಲಾಂಗ್‌ಬೋಟನ್ನೋ 1:24ರಲ್ಲಿ ಕಟ್ಟಿದರೆ ಅದೇ ಕೌಶಲ ಬೆರಳಿಗೆ ಸಿಗುವ ಗಾತ್ರದಲ್ಲಿ ಉಳಿಯುತ್ತದೆ. ಇದನ್ನು ಕೆಳಗಿಳಿಯುವುದೆಂದು ಎಣಿಸಬೇಡಿ. ದೊಡ್ಡ ಪ್ರಮಾಣದಲ್ಲಿ ತಪ್ಪು ಅಡಗುವುದಿಲ್ಲ, ನಿಮ್ಮ ಐವತ್ತು ವರ್ಷದ ಕೈ ಕಾಣುವುದೂ ಅಲ್ಲೇ.

ತಲೆಗೆ ಕಟ್ಟುವ ಭೂತಕನ್ನಡಿ ಎರಡು, ಎರಡೂವರೆ ಪಟ್ಟು ಸಾಕು. ಹೆಚ್ಚಿನದಾದರೆ ವಸ್ತು ಮೂಗಿನ ಬಳಿ ಬರಬೇಕಾಗಿ ಕೈಗೆ ಜಾಗವಿರದು. ಬೆಳಕು ಎರಡು ಬದಿಯಿಂದ ಬೀಳಲಿ, ಒಂದರ ನೆರಳನ್ನು ಇನ್ನೊಂದು ಅಳಿಸುತ್ತದೆ. ಮೊಣಕೈ ಮಾತ್ರವಲ್ಲ, ಮಣಿಕಟ್ಟೂ ಮೇಜಿನ ಮೇಲೋ ಪುಸ್ತಕದ ಅಟ್ಟಿಯ ಮೇಲೋ ಒರಗಿರಬೇಕು. ನಡುಕದ ಹೆಚ್ಚಿನ ಭಾಗ ಅಲ್ಲೇ ನಿಲ್ಲುತ್ತದೆ.

ಹಡಗಿನ ಮೇಲೆ ಮಾಡುವ ಕೆಲಸ ಕಡಿಮೆ ಮಾಡಿ. ಹಾಯಿ ತೂಗುವ ಅಡ್ಡಮರಗಳನ್ನು ಕೂವೆಗೆ ಏರಿಸುವ ಮೊದಲೇ ರಾಟೆಗಳನ್ನೆಲ್ಲ ಮೇಜಿನ ಮೇಲೆ, ಹಿಡಿಕೆಯಲ್ಲಿ ಸಿಕ್ಕಿಸಿ ಕಟ್ಟಿಬಿಡಿ. ಹುರಿಯ ಕೊನೆಯ ಎರಡು ಸೆಂ.ಮೀ.ಗೆ ಕ್ಷಣದಂಟು ಸವರಿ, ಒಣಗಿದ ಮೇಲೆ ಓರೆಯಾಗಿ ಕತ್ತರಿಸಿ. ಸೂಜಿಯಿಲ್ಲದೆ ರಾಟೆಯ ತೂತಿಗೆ ನುಗ್ಗುತ್ತದೆ. ಹೊಲಿಗೆ ಸೂಜಿಯ ಕಣ್ಣಿನ ತುದಿಯನ್ನು ಅರದಿಂದ ಉಜ್ಜಿ ತೆರೆದು, ಮೊನೆಯನ್ನು ಮರದ ಹಿಡಿಗೆ ನೆಟ್ಟರೆ ಪುಟ್ಟ ಕವೆ ಸಿಗುತ್ತದೆ. ಬೆರಳು ಹೋಗದ ಕಡೆ ಹುರಿ ದೂಡಲು ಅದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಕೂವೆಯ ಬುಡದ ಗೂಟಗಳಿಗೆ ಕಟ್ಟುವ ಹುರಿಗಳನ್ನು ಮೊದಲು ಮುಗಿಸಿ, ಅಂಚಿನವನ್ನು ಕೊನೆಗೆ ಇಟ್ಟುಕೊಳ್ಳಿ. ಒಳಗಿನಿಂದ ಹೊರಕ್ಕೆ ಬಂದರೆ ಕಟ್ಟಿದ್ದರ ಮೇಲೆ ಕೈ ತಾಗುವುದಿಲ್ಲ.

ಪ್ರ: ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಳೆಯ ಮಾದರಿಯ ತೋಪು, ಲಂಗರುಗಳ ಮೇಲೆ ಬಿಳಿ ಪುಡಿ ಏಳುತ್ತಿದೆ. ಒರೆಸಿದರೆ ಮತ್ತೆ ಬರುತ್ತದೆ. (ಶಿವಮೊಗ್ಗ)

ಉ: ಅದು ಬೂಷ್ಟಲ್ಲ, ಸೀಸದ ಕ್ಷಯ. ಹಳೆಯ ಕಿಟ್‌ಗಳ ಎರಕದ ಭಾಗಗಳಲ್ಲಿ ಸೀಸ ಹೆಚ್ಚಿರುತ್ತಿತ್ತು. ಓಕ್‌ನಂಥ ಮರ, ಪ್ಲೈವುಡ್, ಕೆಲವು ಅಂಟು ಮತ್ತು ಬಣ್ಣಗಳಿಂದ ಅಸಿಟಿಕ್ ಆಮ್ಲದ ಆವಿ ಸದಾ ಅಲ್ಪಸ್ವಲ್ಪ ಹೊರಡುತ್ತದೆ. ಬಿಗಿಯಾಗಿ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಅದು ಹೊರಹೋಗದೆ ತುಂಬಿಕೊಂಡು ಸೀಸವನ್ನು ತಿನ್ನುತ್ತದೆ. ಕೊನೆಗೆ ಉಳಿಯುವುದು ಸೀಸದ ಕಾರ್ಬೊನೇಟಿನ ಬಿಳಿ ಪುಡಿ. ಹಡಗನ್ನು ಕಾಪಾಡಲೆಂದು ಮಾಡಿದ ಪೆಟ್ಟಿಗೆಯೇ ಇಲ್ಲಿ ಕೇಡು ಮಾಡಿದೆ.

ಈ ಪುಡಿ ವಿಷ. ಊದಬೇಡಿ, ಒಣ ಕುಂಚದಿಂದ ಕೊಡವಬೇಡಿ, ಮಕ್ಕಳನ್ನು ದೂರವಿಡಿ. ಕೈಗವಸು, ಮುಖಗವಸು ಹಾಕಿ ಒದ್ದೆ ಹತ್ತಿಯಿಂದ ಎತ್ತಿ, ಹತ್ತಿಯನ್ನು ಚೀಲದಲ್ಲಿ ಕಟ್ಟಿಡಿ. ಮೇಲೆ ಬಣ್ಣ ಬಳಿದರೆ ಕ್ಷಯ ನಿಲ್ಲುವುದಿಲ್ಲ, ಬಣ್ಣದ ಕೆಳಗೆ ಮುಂದುವರಿಯುತ್ತದೆ. ಆ ಭಾಗಗಳನ್ನು ತೆಗೆಯಲೇಬೇಕು. ತೆಗೆಯುವ ಮೊದಲು ಉದ್ದ, ಮೂತಿಯ ವ್ಯಾಸ, ಬುಡದ ವ್ಯಾಸ ಅಳೆದು ಬರೆದುಕೊಳ್ಳಿ. ಹಿತ್ತಾಳೆಯಲ್ಲಿ ಕಡೆದ ತೋಪುಗಳು ಸಿಗುತ್ತವೆ. ನಮ್ಮಲ್ಲಿ ಇನ್ನೊಂದು ದಾರಿಯೂ ಉಂಟು: ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರದ ಎಳೆ ಬಹಳ ನಯ. 9 ಅಡಿಯ ತೋಪು 1:64ರಲ್ಲಿ 43 ಮಿ.ಮೀ. ಆಗುತ್ತದೆ, ಅಷ್ಟನ್ನು ಆ ಮರದಲ್ಲಿ ಕಡೆಯಬಹುದು. ತಗಡಿನಲ್ಲಿ ತೋಪಿನ ಅರ್ಧ ಆಕಾರ ಕತ್ತರಿಸಿ ಅಳತೆಯಚ್ಚಾಗಿ ಕೊಟ್ಟರೆ ಎಲ್ಲವೂ ಒಂದೇ ಸಮ ಬರುತ್ತವೆ. ಪೆಟ್ಟಿಗೆಯ ಪೀಠದ ಕೆಳಗೆ ನಾಲ್ಕೆಂಟು ತೂತು ಕೊರೆದು ಸಣ್ಣ ಕಣ್ಣಿನ ಜಾಲರಿ ಬಡಿಯಿರಿ.

ಪ್ರ: ಹನ್ನೊಂದು ವರ್ಷದ ಮೊಮ್ಮಗಳಿಗೆ ಮೊದಲ ಕಿಟ್ ಯಾವುದು? ಬ್ರಿಟನ್ನಿನ ದೊಡ್ಡ ಯುದ್ಧನೌಕೆ ‘ವಿಕ್ಟರಿ’ಯದ್ದು ಕೊಡಿಸೋಣವೆಂದಿದ್ದೆ. (ದಾವಣಗೆರೆ)

ಉ: ‘ವಿಕ್ಟರಿ’ ಬೇಡವೇ ಬೇಡ. ಅರ್ಧಕ್ಕೆ ನಿಂತು ಅಟ್ಟ ಸೇರುವುದು ಇಂಥ ಆಯ್ಕೆಗಳೇ. ಅಮೆರಿಕದ ಮಾಡೆಲ್ ಶಿಪ್‌ವೇಸ್‌ನವರ ಕಲಿಕೆಯ ಸರಣಿಯಲ್ಲಿ 1:24ರ ಲೋವೆಲ್ ಗ್ರ್ಯಾಂಡ್ ಬ್ಯಾಂಕ್ಸ್ ಡೋರಿ, 1:12ರ ನಾರ್ವೇಜಿಯನ್ ಪ್ರ್ಯಾಮ್, ಮತ್ತೆ 1:24ರ ಲಾಬ್‌ಸ್ಟರ್ ಸ್ಮ್ಯಾಕ್ ಎಂಬ ಸಣ್ಣ ದೋಣಿಗಳ ಕಿಟ್‌ಗಳಿವೆ. ಈ ಕ್ರಮದಲ್ಲೇ ಹೋಗಲಿ. ಡೋರಿ ಚಪ್ಪಟೆ ತಳದ ತೆರೆದ ದೋಣಿ, ಕೆಲವೇ ಹಲಗೆ. ಬ್ಲೇಡಿನ ಕೆಲಸ ಮಾತ್ರ ನೀವು ಪಕ್ಕದಲ್ಲಿದ್ದಾಗ.

ಪ್ರ: ಹಾಯಿ ಹಾಕಬೇಕೇ? ಕಿಟ್‌ನ ಬಟ್ಟೆ ದಪ್ಪವಿದೆ. ಚಹಾದಲ್ಲಿ ಅದ್ದಿ ಹಳತು ಮಾಡಿ ಎನ್ನುತ್ತಾರೆ. (ಉಡುಪಿ)

ಉ: ಚಹಾ ಬೇಡ, ಅದರ ಆಮ್ಲ ಬಟ್ಟೆಯನ್ನು ಕೊಳೆಸುತ್ತದೆ. ತೀರಾ ತೆಳುವಾದ ಹತ್ತಿ ಬಟ್ಟೆಗೆ ನೀರು ಬೆರೆಸಿದ ಅಕ್ರಿಲಿಕ್ ಬಣ್ಣ ಸವರಿ. ಹಾಯಿಬಟ್ಟೆ ಸುಮಾರು 2 ಅಡಿ ಅಗಲದ ಪಟ್ಟೆಗಳನ್ನು ಹೊಲಿದು ಮಾಡುತ್ತಿದ್ದದ್ದು, 1:64ರಲ್ಲಿ 9.5 ಮಿ.ಮೀ. ಆ ಹೊಲಿಗೆಯನ್ನು ಚೂಪು ಪೆನ್ಸಿಲ್ಲಿನಿಂದ ಗೆರೆ ಎಳೆದು ತೋರಿಸಿ. ಯಂತ್ರದ ಹೊಲಿಗೆ ಈ ಪ್ರಮಾಣದಲ್ಲಿ ಹಗ್ಗದಂತೆ ಕಾಣುತ್ತದೆ. ಸುತ್ತಿ ಕಟ್ಟಿದ ಹಾಯಿಯಾದರೆ ಬಟ್ಟೆಯ ಎತ್ತರವನ್ನು ಮೂರನೇ ಒಂದಕ್ಕೆ ಇಳಿಸಿ, ಇಲ್ಲವಾದರೆ ಮೂಟೆಯಾಗುತ್ತದೆ.

ಪ್ರ: ‘ಟ್ರಿಂಕೊಮಲಿ’ ನಮ್ಮ ತೇಗದಲ್ಲೇ ಕಟ್ಟಿದ ಹಡಗಂತೆ. ಅದರ ಮಾದರಿಯನ್ನು ತೇಗದಲ್ಲೇ ಮಾಡಬೇಕೆಂಬ ಆಸೆ. (ಮಂಗಳೂರು)

ಉ: ಹೌದು, ಮಲಬಾರ್ ತೇಗ. ಮುಂಬೈ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದವರ ಕೈಯಲ್ಲಿ ಸಿದ್ಧವಾಗಿ 1817ರಲ್ಲಿ ನೀರಿಗಿಳಿದ ಫ್ರಿಗೇಟ್ (ವೇಗದ ಯುದ್ಧನೌಕೆ) ಅದು. ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಅದನ್ನು ಕಟ್ಟಲು ಬ್ರಿಟನ್ನಿನಿಂದ ಮೊದಲು ಕಳಿಸಿದ ನಕ್ಷೆಗಳು ‘ಜಾವಾ’ ಎಂಬ ಬ್ರಿಟಿಷ್ ಹಡಗಿನಲ್ಲಿದ್ದವು. 1812ರ ಕೊನೆಯಲ್ಲಿ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಬ್ರೆಜಿಲ್ ಕರಾವಳಿಯಾಚೆ ‘ಜಾವಾ’ವನ್ನು ಸೋಲಿಸಿತು, ನಕ್ಷೆಗಳೂ ಹೋದವು, ಮತ್ತೆ ಪ್ರತಿ ಕಳಿಸಬೇಕಾಯಿತು. ಇದು ಲೀಡಾ ವರ್ಗದ ಹಡಗು. ಸ್ಕಾಟ್ಲೆಂಡಿನ ಡಂಡಿಯಲ್ಲಿರುವ ‘ಯೂನಿಕಾರ್ನ್’ ಇದೇ ವರ್ಗದ್ದು. ತೋಪುಗಳಿರುವ ಡೆಕ್‌ನ ಉದ್ದ ಸುಮಾರು 46 ಮೀಟರ್, 1:64ರಲ್ಲಿ 72 ಸೆಂ.ಮೀ. ಮೂತಿಯಿಂದ ಮುಂದಕ್ಕೆ ಚಾಚುವ ಕಂಬವೂ ಸೇರಿದರೆ ಮೇಜು ಒಂದು ಮೀಟರಿಗೂ ಮಿಕ್ಕಿರಬೇಕು.

ಆಸೆ ಒಳ್ಳೆಯದು, ಆದರೆ ತೇಗ ಈ ಗಾತ್ರಕ್ಕೆ ಒಗ್ಗದ ಮರ. ಅದರ ರಂಧ್ರಗಳು ಬರಿಗಣ್ಣಿಗೇ ಕಾಣುತ್ತವೆ. 64 ಪಟ್ಟು ಹಿಗ್ಗಿಸಿ ಊಹಿಸಿದರೆ ಹಲಗೆಯಲ್ಲಿ ಕಾಲುವೆ ತೋಡಿದಂತಿರುತ್ತದೆ. 4 ಮಿ.ಮೀ. ಪಟ್ಟಿಯಾಗಿ ಸೀಳಿದರೆ ಅಂಚು ಸಿಬಿರೇಳುತ್ತದೆ, ಎಣ್ಣೆಯಂಶದಿಂದ ಅಂಟೂ ಸರಿಯಾಗಿ ಹಿಡಿಯದು. ತೇಗವನ್ನು ಪೀಠಕ್ಕೂ, ಹೊರಗೆ ಕಾಣದ ಕೀಲ್‌ನ ಒಳತುಂಡುಗಳಿಗೂ ಇಟ್ಟುಕೊಳ್ಳಿ. ಅಂಟಿಸುವ ಮುನ್ನ ಆ ಮೈಯನ್ನು ಅಸಿಟೋನ್‌ನಿಂದ ಒರೆಸಿ. ಹಲಗೆಗೆ ಆಲೆ ಮರವೋ ಕಿಟ್‌ಗಳಲ್ಲಿ ಬರುವ ಪೇರ್ ಮರವೋ ಇರಲಿ, ತಿಳಿ ಕಂದು ಬಣ್ಣ ಕೊಟ್ಟರೆ ದೂರದಿಂದ ತೇಗವೇ. ಡೆಕ್‌ನ ಹಲಗೆ 25 ಅಡಿಯದ್ದೆಂದು ಹಿಡಿದರೆ 1:64ರಲ್ಲಿ 119 ಮಿ.ಮೀ. ಉದ್ದ. ಒಂದಂಚಿಗೆ ಮೆತ್ತನೆಯ ಪೆನ್ಸಿಲ್ ಉಜ್ಜಿ ಜೋಡಿಸಿದರೆ ಟಾರು ತುಂಬಿದ ಸಂದಿನ ಗೆರೆ ಬರುತ್ತದೆ. ಎರಡೂ ಅಂಚಿಗೆ ಉಜ್ಜಿದರೆ ಗೆರೆ ದಪ್ಪವಾಗುತ್ತದೆ. ಹಲಗೆಗೆ ಬಡಿವ ಮರದ ಮೊಳೆಗಳಿಗೆ ಬಿದಿರು ಸಾಕು: ಸೀಳಿದ ಬಿದಿರಕಡ್ಡಿಯನ್ನು ತೂತುಗಳಿರುವ ಉಕ್ಕಿನ ತಗಡಿನಲ್ಲಿ ದೊಡ್ಡ ತೂತಿನಿಂದ ಚಿಕ್ಕದಕ್ಕೆ ಎಳೆಯುತ್ತಾ 0.5 ಮಿ.ಮೀ.ಗೆ ತನ್ನಿ.

ಪ್ರ: ತಂದೆ 1965ರಲ್ಲಿ ಕಟ್ಟಿದ ಹಡಗು. ಧೂಳು ಕೂತಿದೆ, ವಾರ್ನಿಷ್ ಕಂದಿದೆ, ಮೂರು ಹುರಿ ಹರಿದಿವೆ. ಎಲ್ಲ ಕಳಚಿ ಹೊಸದರಂತೆ ಮಾಡಿಸಬಹುದೇ? (ನ್ಯೂಜೆರ್ಸಿ)

ಉ: ಬೇಡ. ಹೊಸದರಂತೆ ಮಾಡಿಸಿದರೆ ನಿಮ್ಮ ಬಳಿ ಉಳಿಯುವುದು ಮಾಡಿಸಿದವರ ಹಡಗು, ತಂದೆಯದ್ದಲ್ಲ. ಮೊದಲು ತೋಪು, ಲಂಗರುಗಳಲ್ಲಿ ಆಗಲೇ ಹೇಳಿದ ಸೀಸದ ಬಿಳಿ ಪುಡಿಯಿಲ್ಲವೆಂದು ಖಚಿತ ಮಾಡಿಕೊಂಡು ಎಲ್ಲ ಬದಿಯಿಂದ ಫೋಟೊ ತೆಗೆಯಿರಿ. ಮೆತ್ತನೆಯ ಚಿತ್ರಕುಂಚದಿಂದ ಧೂಳನ್ನು ಸಡಿಲಿಸುತ್ತಾ, ಬಾಯಿಗೆ ತೆಳುಬಟ್ಟೆ ಕಟ್ಟಿದ ವ್ಯಾಕ್ಯೂಮ್ ಕೊಳವೆಯನ್ನು ಕಡಿಮೆ ವೇಗದಲ್ಲಿ ಹತ್ತಿರ ಹಿಡಿಯಿರಿ. ಮೇಲಿನಿಂದ ಕೆಳಕ್ಕೆ ಬನ್ನಿ. ಬಟ್ಟೆ ಕಟ್ಟುವುದು ಕಳಚಿ ಬಂದ ರಾಟೆ ಒಳಗೆ ಹೋಗದಿರಲೆಂದು. ಅಂಟಿಕೊಂಡ ಕೊಳೆಗೆ ಉಗುಳಿನಲ್ಲಿ ಒದ್ದೆ ಮಾಡಿದ ಹತ್ತಿಕಡ್ಡಿ ಉರುಳಿಸಿ; ಉಗುಳಿನ ಕಿಣ್ವಗಳು ಕೊಳೆಯನ್ನು ಸಡಿಲಿಸುತ್ತವೆ, ಸಂಗ್ರಹಾಲಯಗಳ ಸಂರಕ್ಷಕರೂ ಬಳಸುವ ಕ್ರಮವಿದು. ಪ್ರತಿ ಸಲ ಹೊಸ ಕಡ್ಡಿ. ಬಣ್ಣ ಎದ್ದಿರುವ ಕಡೆ ಮುಟ್ಟಬೇಡಿ.

ಹರಿದ ಮೂರು ಹುರಿಗಳನ್ನಷ್ಟೇ ಬದಲಿಸಿ. ಉಳಿದವು ಒಣಗಿ ಪೆಡಸಾಗಿರುತ್ತವೆ, ಬಿಗಿಯಲು ಹೋದರೆ ಹರಿಯುತ್ತವೆ. ಹೊಸದನ್ನು ಸಡಿಲವಾಗಿಯೇ ಕಟ್ಟಿ. ಯಾವುವು ಹೊಸವು, ಯಾವ ದಾರ, ಯಾವ ಅಂಟು ಎಂಬುದನ್ನು ಬರೆದು ಪೀಠದ ಅಡಿಯಲ್ಲಿಡಿ. ಕಂದಿದ ವಾರ್ನಿಷ್ ಹಾಗೆಯೇ ಇರಲಿ. ಬಿಸಿಲು ಬೀಳದ ಗೋಡೆಗೆ, ಸುತ್ತ 5–8 ಸೆಂ.ಮೀ. ಜಾಗ ಬಿಟ್ಟ, ಗಾಳಿಯಾಡುವ ಪೆಟ್ಟಿಗೆ ಮಾಡಿಸಿ. ದೀಪ ಪೆಟ್ಟಿಗೆಯ ಒಳಗೆ ಬೇಡ, ಅದರ ಬಿಸಿ ಮರವನ್ನು ಒಣಗಿಸುತ್ತದೆ.

ಪ್ರ: ಮನೆ ಬದಲಿಸುತ್ತಿದ್ದೇವೆ. ಹಡಗನ್ನು ಹೇಗೆ ಸಾಗಿಸುವುದು? (ಬೆಂಗಳೂರು)

ಉ: ಹುರಿಗಳಿಗೆ ಏನನ್ನೂ ಸುತ್ತಬೇಡಿ, ಸುತ್ತಿದ ಕಾಗದ ತೆಗೆಯುವಾಗಲೇ ಹೆಚ್ಚು ಹರಿಯುವುದು. ಪೀಠವನ್ನು ದಪ್ಪ ಪ್ಲೈವುಡ್ ಹಲಗೆಗೆ ಕೆಳಗಿನಿಂದ ಸ್ಕ್ರೂ ಹಾಕಿ ಬಿಗಿಯಿರಿ. ಹಡಗು ಪೀಠದ ಮೇಲೆ ಬರೀ ಕೂತಿದ್ದರೆ ಹೊಟ್ಟೆಯ ಮೇಲೆ ಸ್ಪಂಜು ಇಟ್ಟು ಅಗಲ ಹತ್ತಿಪಟ್ಟಿಯಿಂದ ಹಲಗೆಗೆ ಕಟ್ಟಿ. ಎಲ್ಲಕ್ಕಿಂತ ಎತ್ತರದ ಕೂವೆಗೂ 10 ಸೆಂ.ಮೀ. ಮಿಕ್ಕುವ ರಟ್ಟಿನ ಪೆಟ್ಟಿಗೆಯನ್ನು ಮೇಲಿನಿಂದ ಕವುಚಿ, ಅಂಚನ್ನು ಹಲಗೆಗೆ ಟೇಪು ಹಾಕಿ, ಒಂದು ಬದಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಕಿಟಕಿ ಬಿಡಿ. ಒಳಗೇನಿದೆಯೆಂದು ಕಣ್ಣಿಗೆ ಕಂಡರೆ ಎತ್ತುವವರು ತಾವೇ ಜೋಪಾನ ಮಾಡುತ್ತಾರೆ. ಲಾರಿಯಲ್ಲಿ ಬೇಡ, ಕಾರಿನ ಹಿಂದಿನ ಸೀಟಿನ ಕೆಳಗಿನ ನೆಲವೋ ಡಿಕ್ಕಿಯ ಸಮತಟ್ಟು ತಳವೋ ಆಗಬೇಕು, ಮೂತಿ ಮುಂದಕ್ಕಿರಲಿ. ಬ್ರೇಕ್ ಹಾಕಿದಾಗಿನ ಎಳೆತವನ್ನು ಕೂವೆಯ ಹಿಂದು ಮುಂದಿನ ಹುರಿಗಳು ತಾಳುತ್ತವೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ.